ಅಪ್ಪನ ನಂಬರಿಗೆ ಬಂದ ಮೆಸೇಜು

ಮೊದಲ ಏಟು ಭವಿತಾಳ ಕಿವಿಯ ಮೇಲೆ ಬಿತ್ತು. ಹೆಪ್ಪುಗಟ್ಟಿದ ರಬ್ಬರ್ ಹಾಲಿನ ಟ್ರೇಗಳ ಮೇಲೆ ಅವಳು ಮುಗ್ಗರಿಸಿದಳು. ಟ್ರೇಗಳು ಶೆಡ್ಡಿನ ಸಿಮೆಂಟು ನೆಲದಲ್ಲಿ ಢಣಢಣ ಉರುಳಿದವು. ರಬ್ಬರನ್ನು ರೋಲರುಗಳ ನಡುವೆ ಒತ್ತಿ ಹಾಳೆ ಮಾಡುವ ಶೀಟ್ ಮೆಷಿನಿನ ಹಿಡಿ ತಿರುಗಿಸುತ್ತಿದ್ದ ಪೂವಮ್ಮ ಗಕ್ಕನೆ ನಿಂತಳು. ಮಗಳು ಎಂತ ಮಾಡಿದಳೆಂದು ಅವಳು ಕೇಳಲಿಲ್ಲ. ಗಂಡನ ಕೈಯಲ್ಲಿದ್ದ ಫೋನು ಕಂಡಾಗಲೇ ಗೊತ್ತಾಗಿತ್ತು.

“ಓದು,” ತೀರ್ಥರಾಮ ಫೋನನ್ನು ಮಗಳ ಮುಖಕ್ಕೆ ಹಿಡಿದ. “ದೊಡ್ಡ ಎಂ.ಎ. ಅಲ್ವಾ ನೀನು? ಗಟ್ಟಿ ಓದು, ನಿನ್ನ ಅವ್ವನಿಗೂ ಕೇಳ್ಲಿ.”

ಭವಿತಾ ಟ್ರೇಗೆ ಬಡಿದು ಒಡೆದ ತುಟಿಯ ರಕ್ತ ಒರೆಸಿಕೊಂಡು ಓದಿದಳು. ವಿಶ್ವವಿದ್ಯಾನಿಲಯದ ಗ್ರಂಥಾಲಯದಿಂದ ಬಂದ ಮೆಸೇಜು. ನೀವು ಕೇಳಿದ ಅಧ್ಯಾಯವನ್ನು ಆ್ಯಪ್‌ಗೆ ಕಳುಹಿಸಿದ್ದೇವೆ, ಸೋಮವಾರದ ಪರೀಕ್ಷೆಗೆ ಶುಭವಾಗಲಿ.

ಕಾಣಿಯೂರಿನ ಸಂಬಂಧ ನಿಶ್ಚಯವಾದ ಮೇಲೆ ತೀರ್ಥರಾಮ ಮಗಳನ್ನು ಹಾಸ್ಟೆಲಿನಿಂದ ಸಂಪಾಜೆಗೆ ಕರೆತಂದಿದ್ದ. ಹುಡುಗನ ಮನೆಯವರು ಓದು ಇಷ್ಟು ಸಾಕು ಎಂದಿದ್ದರು, ಇವನು ಆಯ್ತು ಎಂದು ಮಾತು ಕೊಟ್ಟಿದ್ದ. ಬಾಕಿ ಇದ್ದದ್ದು ಕೊನೆಯ ಪರೀಕ್ಷೆಯೊಂದೇ. ಭವಿತಾ ಅಪ್ಪನೆದುರು ತಲೆಯಾಡಿಸಿ, ಮರೆಯಲ್ಲಿ ತನ್ನ ಫೋನಿನಲ್ಲೇ ಗ್ರಂಥಾಲಯದ ಪುಸ್ತಕ ಓದುತ್ತಿದ್ದಳು. ತೊಂದರೆ ಒಂದೇ. ಕಾಲೇಜಿಗೆ ಸೇರಿಸುವಾಗ ಎಲ್ಲ ಕಡೆಯೂ ತನ್ನ ನಂಬರೇ ಇರಬೇಕೆಂದು ಹಟ ಹಿಡಿದು ಬರೆಸಿದವನು ತೀರ್ಥರಾಮ. ಹಾಗಾಗಿ ಆ್ಯಪ್ ತೆರೆಯುವ ಒಟಿಪಿ ಬರುವುದು ಅವನ ಫೋನಿಗೆ. ಅವನು ಬಚ್ಚಲಲ್ಲಿದ್ದಾಗ ಪೂವಮ್ಮ ಆ ಅಂಕಿಗಳನ್ನು ಮೆಲ್ಲ ಹೇಳುತ್ತಿದ್ದಳು, ಹೇಳಿ ಅಳಿಸಿಬಿಡುತ್ತಿದ್ದಳು. ಕೇಳಿದ ಪುಟ ಕಳುಹಿಸಿಯಾಯಿತೆಂದು ತಿಳಿಸಲು ಆ ಪುಣ್ಯಾತ್ಮರು ಇನ್ನೊಂದು ಮೆಸೇಜು ಹಾಕುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ.

“ಕಾಣಿಯೂರಿನವರಿಗೆ ಎಂತ ಹೇಳುದು ನಾನು? ಮಗಳು ಫೋನಿನ ಒಳಗೆ ಕಾಲೇಜು ಕಟ್ಟಿ ಕೂತಿದ್ದಾಳೆ ಅಂತ ಹೇಳುದಾ?”

“ಒಂದು ಪರೀಕ್ಷೆ ಅಪ್ಪ. ಬರೆದು ಬರ್ತೇನೆ. ಮದುವೆ ಬೇಡ ಅಂತ ನಾನು ಹೇಳ್ಲಿಲ್ಲ.”

“ಹೋಗುದು ಹೇಗೆ? ಕಾಲು ಬೇಡ್ವಾ ಹೋಗ್ಲಿಕ್ಕೆ?”

ರಬ್ಬರ್ ಹಾಳೆ ಒಣಗಿಸುವ ಹೊಗೆಗೂಡಿಗೆ ಒಟ್ಟಿದ್ದ ಸೌದೆಯಲ್ಲಿ ಒಂದನ್ನು ಎಳೆದು ಅವನು ಮಗಳ ಮೊಣಕಾಲಿಗೆ ಬೀಸಿದ. ಭವಿತಾ ಕೂಗಲೂ ಆಗದೆ ಬಾಯಿ ತೆರೆದಳು. ಎರಡನೆಯದಕ್ಕೆ ಪೂವಮ್ಮ ಅಡ್ಡ ಬಂದಳು. ಸೌದೆ ಅವಳ ಹೆಗಲಿಗೆ ಬಡಿದು ತುಂಡಾಯಿತು.

“ಅವಳಿಗೆ ಹೊಡಿಬೇಡಿ. ಒಟಿಪಿ ನಂಬರು ಹೇಳಿಕೊಟ್ಟದ್ದು ನಾನು.”

ತೀರ್ಥರಾಮ ಅವಳನ್ನೇ ನೋಡಿದ. ಆಮೇಲೆ ನಕ್ಕ. “ಓಹೋ! ಅವ್ವ ಕ್ಲಾಸ್ ಟೀಚರು.”

ಮಗಳ ಜಡೆಯನ್ನು ಮುಷ್ಟಿಗೆ ಸುತ್ತಿ ಮೆಷಿನಿನವರೆಗೆ ಎಳೆದು ತಂದ. ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಕಿತ್ತು ರೋಲರುಗಳ ಬಾಯಿಗೆ ಹಿಡಿದ. ಮದುವೆಯಾದಂದಿನಿಂದ ಹಾಗೇ ನಡೆದದ್ದು. ರೋಲರಿಗೆ ರಬ್ಬರ್ ಕೊಡುವುದು ಅವನು, ಹಿಡಿ ತಿರುಗಿಸುವುದು ಪೂವಮ್ಮ. ತಿರುಗಿಸು ಎಂದರೆ ತಿರುಗಿಸಬೇಕು, ನಿಲ್ಲಿಸು ಎಂದರೆ ನಿಲ್ಲಿಸಬೇಕು.

“ತಿರುಗಿಸು.”

“ಅವ್ವ, ಬೇಡ,” ಎಂದಳು ಭವಿತಾ.

ಅವನು ಜಡೆಯನ್ನು ಇನ್ನೊಂದು ಸುತ್ತು ಬಿಗಿದ. ಹುಡುಗಿಯ ಕುತ್ತಿಗೆ ಹಿಂದಕ್ಕೆ ಬಾಗಿತು, ಗಂಟಲಿನ ನರ ಎದ್ದು ಕಂಡಿತು. “ತಿರುಗಿಸು ಅಂದೆ! ಕಿವಿ ಕೇಳುದಿಲ್ವಾ?”

ಪೂವಮ್ಮ ಎರಡೂ ಕೈಯಲ್ಲಿ ಹಿಡಿ ಹಿಡಿದು ತಿರುಗಿಸಿದಳು. ಗಾಜು ಚಟಚಟನೆ ಒಡೆಯಿತು. ಫೋನು ಒಳಗೆ ಜಾರುವಾಗ ಅದನ್ನು ಒತ್ತಿ ತಳ್ಳುತ್ತಿದ್ದ ಅವನ ಬೆರಳುಗಳು ಅವಳಿಗೆ ಚೆನ್ನಾಗಿ ಕಾಣುತ್ತಿದ್ದವು.

“ನಿಲ್ಲಿಸು,” ಎಂದ ಅವನು. ಮರುಕ್ಷಣ ಕಿರುಚಿದ, “ನಿಲ್ಲಿಸೇ!”

ಅವಳು ಇನ್ನೊಂದು ಸುತ್ತು ತಿರುಗಿಸಿದಳು. ಮೂಳೆಯ ಸದ್ದು ಕೇಳಿತು. ಅವನ ಇನ್ನೊಂದು ಕೈಯಿಂದ ಮಗಳ ಜಡೆ ಜಾರಿತು. ಆಗ ಹಿಡಿಯನ್ನು ಹಿಂದಕ್ಕೆ ತಿರುಗಿಸಿ, ಸೆರಗು ಹರಿದು, ಜಜ್ಜಿದ ಕೈಯನ್ನು ಕಟ್ಟಿದವಳೂ ಅವಳೇ.

ಊರಿನಲ್ಲಿ ಬಾಡಿಗೆಗೆ ಓಡಿಸುವ ಸಮದ್‌ನ ಜೀಪು ಬಂತು. ಸುಳ್ಯ ಮುಟ್ಟುವವರೆಗೂ ಅವನು, “ಮೆಷಿನಿಗೆ ಕಣ್ಣಿಲ್ಲ ಮಾರಾಯ್ರೆ, ನಾವೇ ನೋಡ್ಕೊಳ್ಬೇಕು,” ಎಂದು ಹೇಳುತ್ತಲೇ ಇದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದಾಗ ತೀರ್ಥರಾಮ ಹೆಂಡತಿಯ ಮುಖ ನೋಡಿದ. “ಕೈ ನಾನೇ ಕೊಟ್ಟದ್ದು,” ಎಂದ. ಎರಡು ಬೆರಳು ಉಳಿಯಲಿಲ್ಲ.

ಅವನನ್ನು ಆಪರೇಷನ್ನಿಗೆ ಒಳಗೆ ಒಯ್ದ ಮೇಲೆ ಪೂವಮ್ಮ ಮಗಳ ಕಾಲಿಗೂ ಪಟ್ಟಿ ಹಾಕಿಸಿ, ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಬಂದಳು. ಪುತ್ತೂರಿನ ಬಸ್ಸು ಹೊರಡಲು ನಿಂತಿತ್ತು.

“ಈ ಕಿವಿಗೆ ಕೇಳುದಿಲ್ಲ ಅವ್ವ. ಆಚೆ ಬಂದು ಹೇಳು.”

ಪೂವಮ್ಮ ಇನ್ನೊಂದು ಬದಿಗೆ ಬಂದಳು. “ಪುತ್ತೂರಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗು. ನಾಳೆ ಅಲ್ಲಿಂದ ಆ ಲೈಬ್ರೆರಿಗೇ ಹೋಗಿ ಕೂತು ಓದು. ಸೋಮವಾರ ಬರಿ.”

“ನೀನೊಬ್ಳೇ ಅಪ್ಪನ ಹತ್ರ?”

“ಅವರಿಗೆ ಗಂಜಿ ಕುಡಿಸ್ಲಿಕ್ಕೆ ಜನ ಬೇಡ್ವಾ? ಹತ್ತು, ಹತ್ತು. ಕಾಲು ಮೆಲ್ಲ.”

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅವಳು ವಾರ್ಡಿಗೆ ಮರಳಿ ಗಂಡನ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು.

ಸಂಜೆ ಕಣ್ಣು ತೆರೆದವನು, “ಅವಳೆಲ್ಲಿ?” ಎಂದ.

ಪೂವಮ್ಮ ಅವನ ತಲೆ ಎತ್ತಿ ನೀರು ಕುಡಿಸಿದಳು. ಗ್ಲಾಸು ಕೆಳಗಿಟ್ಟು, ತನ್ನ ಬೆರಳ ಗಂಟುಗಳಲ್ಲಿ ಒಣಗಿ ಅಂಟಿದ್ದ ರಬ್ಬರ್ ಹಾಲನ್ನು ಉಗುರಿನಿಂದ ಸುಲಿಯತೊಡಗಿದಳು. ತೆಳ್ಳನೆಯ ಪೊರೆ ಎಳೆ ಎಳೆಯಾಗಿ ಎದ್ದು ಬರುತ್ತಿತ್ತು. ಅವನು ದಿಂಬಿನ ಮೇಲಿಂದ ಅವಳ ಕೈಗಳನ್ನೇ ನೋಡುತ್ತಿದ್ದ.