ಖಾಲಿ ಕುರ್ಚಿಯ ಮುಖ

ಟಿವಿಯಲ್ಲಿ ಸಿನಿಮಾ ಪ್ರಶಸ್ತಿ ಸಮಾರಂಭ ನೋಡುವಾಗ ಒಂದು ಕುರ್ಚಿಯೂ ಖಾಲಿ ಕಾಣುವುದಿಲ್ಲ. ತಾರೆಯರು ತಮ್ಮ ಕುಣಿತ ಮುಗಿಸಿ, ತಮಗೆ ಬಂದ ಪ್ರಶಸ್ತಿಯನ್ನು ಬಗಲಿಗಿಟ್ಟುಕೊಂಡು ಹಿಂಬಾಗಿಲಿನಿಂದ ಆಗಲೇ ಮನೆಗೆ ಹೋಗಿರುತ್ತಾರೆ. ಅವರ ಜಾಗದಲ್ಲಿ ಬಾಡಿಗೆ ಸೀರೆ ಉಟ್ಟು ಕೂರುವವರು ನಾವು. ಚಪ್ಪಾಳೆ ತಟ್ಟಬೇಕು, ಕ್ಯಾಮೆರಾ ಕಡೆ ನೋಡಬಾರದು, ಅವರ ನೀರಿನ ಬಾಟಲಿ ಮುಟ್ಟಬಾರದು. ಮುಂಬೈಯಲ್ಲಿ ಇದಕ್ಕಿಂತ ಕೆಟ್ಟ ಕೂಲಿ ಬೇಕಾದಷ್ಟಿದೆ.

ಆದರೂ ಆ ಸಂಜೆ ಒಳಗೆ ಹೋಗುವ ಮುಂಚೆ ಪರ್ವೀನ್ ಆಪಾಳ ಸೆರಗು ಹಿಡಿದು ನಿಲ್ಲಿಸಿದೆ. ನಮ್ಮನ್ನು ಹೊಂದಿಸಿ ಕರೆದೊಯ್ಯುವವಳು ಅವಳೇ.

"ಆಪಾ, ನನ್ನ ಮುಖ ಟಿವಿಯಲ್ಲಿ ಬರಲ್ಲ ತಾನೆ?"

"ಎಷ್ಟು ಸಲ ಕೇಳ್ತೀಯೇ ನರ್ಬದಾ? ನಿನ್ನ ತೋರಿಸಿದ್ರೆ ಕುರ್ಚಿ ಖಾಲಿ ಇತ್ತು ಅಂತ ದೇಶಕ್ಕೆಲ್ಲ ಗೊತ್ತಾಗಲ್ವಾ? ತಿಂಗಳು ಬಿಟ್ಟು ತೋರಿಸೋದು. ಅಷ್ಟರಲ್ಲಿ ನಮ್ಮಂಥವರನ್ನೆಲ್ಲ ಕತ್ತರಿಸಿ ಬಿಸಾಕಿರ್ತಾರೆ. ಮಹಾರಾಣಿ ಇವಳು, ನಡಿ ಒಳಗೆ!"

ಆಪಾಳಿಗೆ ನನ್ನ ಕಥೆ ಗೊತ್ತು. ನಮ್ಮೂರು ಇಟಾರ್ಸಿಯಲ್ಲಿ ನನ್ನ ಗಂಡ ಗೆಂದಾಲಾಲನ ಚಹಾ ಅಂಗಡಿ ಇದೆ. ಮಗಳನ್ನು ಕರೆದುಕೊಂಡು ಹೊಸ್ತಿಲು ದಾಟಿದರೆ ಇಬ್ಬರನ್ನೂ ಹುಡುಕಿ ಮುಗಿಸುತ್ತೇನೆ ಎಂದಿದ್ದ. ಬರೀ ಬಾಯಿಮಾತಿನವನಲ್ಲ, ಅವನು ಮುರಿದ ನನ್ನ ಎಡಗೈ ಇನ್ನೂ ನೆಟ್ಟಗಾಗಿಲ್ಲ. ನಾಗಪುರಕ್ಕೆ ಓಡಿದೆವು, ಅಲ್ಲಿಗೂ ಬಂದ. ಮಗಳು ಚುನ್ನಿಯನ್ನು ಎತ್ತಿಕೊಂಡು ಹಿಂದಿನ ಕಿಟಕಿಯಿಂದ ಹಾರಿ ಮುಂಬೈ ಸೇರಿದೆ. ಮಾಲ್ವಣಿಯ ಚಾಳಿನಲ್ಲಿ ಒಂದು ಕೋಣೆ ಹಿಡಿದು ಇದ್ದೂ ಇಲ್ಲದವಳಂತೆ ಬದುಕುತ್ತಿದ್ದೆ. ಅವನ ಅಂಗಡಿಯಲ್ಲಿ ಹಗಲಿಡೀ ಟಿವಿ ಓಡುತ್ತದೆ, ಅದಕ್ಕೇ ಈ ಭಯ.

ಆಪಾ ನನ್ನನ್ನು ಹಿಂದಿನ ಸಾಲಿನಲ್ಲೇ ಕೂರಿಸಿದ್ದಳು. ಆದರೆ ನಾಯಕಿಯೊಬ್ಬಳು ಕುಣಿದು ಬಂದು ಕೂತವಳೇ ಎದ್ದು ಹೋದಳು. ಕಿವಿಗೆ ತಂತಿ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಬಂದು ರಟ್ಟೆ ಹಿಡಿದು ನನ್ನನ್ನು ಮೊದಲನೇ ಸಾಲಿಗೆ ನೂಕಿದಳು. ಕೂತ ಕುರ್ಚಿಯಲ್ಲಿ ಆಕೆಯ ಅತ್ತರಿನ ವಾಸನೆ ಇನ್ನೂ ಇತ್ತು.

ಆಗ ದೀಪಗಳು ಮಂಕಾದವು. ಆ ವರ್ಷ ತೀರಿಕೊಂಡ, ಪರದೆಯ ಮೇಲೆ ಎಲ್ಲ ನಾಯಕರಿಗೂ ತಾಯಿಯಾಗಿದ್ದ ಹಿರಿಯ ನಟಿಗೆ ನಮನ ಎಂದರು. ಕ್ಯಾಮೆರಾ ಹೊತ್ತವನೊಬ್ಬ ಬಗ್ಗಿಕೊಂಡು ಸಾಲಿನುದ್ದಕ್ಕೂ ಬಂದ. ಬಂದವನು ನನ್ನೆದುರು ಮಂಡಿಯೂರಿದ.

ಸೆರಗು ಎಳೆದುಕೊಳ್ಳಲು ಕೈ ಏಳಲಿಲ್ಲ. ಆ ಕರಿಗಾಜಿನೊಳಗಿಂದ ಗೆಂದಾಲಾಲನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾನೆ ಅನಿಸಿತು. ಕಣ್ಣಿಂದ ನೀರು ತಾನಾಗಿ ಇಳಿಯಿತು.

"ಹಾಗೇ ಇರಿ ದೀದಿ, ಒರೆಸ್ಕೋಬೇಡಿ," ಎಂದು ಅವನು ಪಿಸುಗುಟ್ಟಿದ.

"ಭಯ್ಯಾ, ನಾನು ಬಾಡಿಗೆಯವಳು. ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ಅಳಿಸಿಬಿಡಿ."

"ಅಳಿಸೋದಾ? ಇಡೀ ಸಾಲಲ್ಲಿ ಅಳ್ತಿರೋರು ನೀವೊಬ್ರೇ. ಉಳಿದವರನ್ನ ನೋಡಿ, ಮೊಬೈಲು ತಿಕ್ಕುತ್ತಾ ಕೂತಿದಾರೆ."

ಹೌದು, ಪಕ್ಕದ ನಾಯಕ ಯಾರಿಗೋ ನಗುಮುಖದ ಚಿತ್ರ ಕಳಿಸುತ್ತಿದ್ದ. ಸತ್ತವಳಿಗಾಗಿ ಒಂದು ಹನಿ ಹಾಕಲು ಇಷ್ಟು ದೊಡ್ಡ ಸಭೆಯಲ್ಲಿ ಒಬ್ಬರಿಗೂ ಬಿಡುವಿರಲಿಲ್ಲ. ಆ ಸಿಟ್ಟು ಇನ್ನೂ ನನಗೆ ಹೋಗಿಲ್ಲ.

ಆಪಾ ಚಿತ್ರ ಕತ್ತರಿಸಿ ಜೋಡಿಸುವವನ ಹತ್ತಿರ ಹೋಗಿ ಹೇಳಿ ಬಂದಳು. "ತೆಗೀತೀನಿ ಅಂದಿದಾನೆ ಕಣೇ. ಸುಮ್ನೆ ಮಲಕ್ಕೋ." ಮಲಗಿದವರು ಯಾರು? ಓಣಿಯಲ್ಲಿ ಗಂಡಸಿನ ಕೆಮ್ಮು ಕೇಳಿದರೂ ಎದ್ದು ಚಿಲಕ ಮುಟ್ಟಿ ನೋಡುತ್ತಿದ್ದೆ. ಚುನ್ನಿಗೆ ಏನೂ ಗೊತ್ತಾಗಬಾರದೆಂದು ಅವಳೆದುರು ಹಾಡು ಗುನುಗುತ್ತಾ ರೊಟ್ಟಿ ತಟ್ಟುತ್ತಿದ್ದೆ.

ತಿಂಗಳು ಕಳೆದು, ಒಂದು ಭಾನುವಾರ ಮಧ್ಯಾಹ್ನ ಕಾರ್ಯಕ್ರಮ ಬಂತು. ಪಕ್ಕದ ಮನೆಯ ಶಕೀಲಾ ಭಾಭಿಯ ಮನೆಯಲ್ಲಿ ಚಾಳಿಗೆ ಚಾಳೇ ಸೇರಿತ್ತು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಚುನ್ನಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಕುಣಿತಗಳು ಹೋದವು, ಜಾಹೀರಾತುಗಳು ಹೋದವು. ಹಿರಿಯ ನಟಿಯ ಹಳೆಯ ಚಿತ್ರಗಳು ಬಂದವು. ದೇವರೇ, ಇದೊಂದು ದಾಟಿಸು ಎಂದುಕೊಂಡೆ.

ಪರದೆಯ ತುಂಬ ನನ್ನ ಮುಖ ಬಂತು. ಒಮ್ಮೆಯಲ್ಲ, ನಟಿಯ ಚಿತ್ರ ಬದಲಾದಾಗಲೆಲ್ಲ ತಿರುಗಿ ತಿರುಗಿ ನನ್ನನ್ನೇ ತೋರಿಸಿದರು. ತುಟಿ ನಡುಗುವುದು ಕೂಡ ಕಾಣುತ್ತಿತ್ತು.

"ಅರೇ, ನಮ್ಮ ನರ್ಬದಾ!" ಎಂದು ಭಾಭಿ ಕಿರುಚಿದಳು. "ಬಾಯಿ ಬಿಡಲಿಲ್ಲ ನೋಡಿ ಕಳ್ಳಿ! ಏನು ಅಳ್ತೀಯೇ, ಸ್ವಂತ ತಾಯಿ ಸತ್ತಂಗೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ನನ್ನ ಬೆನ್ನು ಗುದ್ದಿದರು, ಯಾರೋ ಬಾಯಿಗೆ ಪೇಡೆ ತುರುಕಿದರು. ಇಟಾರ್ಸಿಯ ಅಂಗಡಿಯಲ್ಲಿ ಈ ಹೊತ್ತಿಗೆ ಯಾರು ಗೆಂದಾಲಾಲನನ್ನು ಕರೆದು ಟಿವಿ ತೋರಿಸುತ್ತಿದ್ದಾರೋ. ಮಗಳಿಗೆ ಏನೆಂದು ಹೇಳಲಿ? ಅಮ್ಮ ಟಿವಿಯಲ್ಲಿ ಬಂದಳೆಂದು ಹಿಗ್ಗಿರುವ ಕೂಸಿಗೆ ಯಾವ ಸುಳ್ಳು ಹೇಳಲಿ? ಟಿವಿಯ ಮುಂದೆ ನೋಡಿದೆ. ಅಲ್ಲಿ ಚುನ್ನಿ ಇರಲಿಲ್ಲ.

ಓಡಿ ನಮ್ಮ ಕೋಣೆಗೆ ಬಂದೆ. ಶಾಲೆಯ ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರಿದು, ಆ ಚೀಲದೊಳಗೆ ಅವಳು ನನ್ನ ಸೀರೆಯನ್ನೂ ತನ್ನ ಎರಡು ಫ್ರಾಕನ್ನೂ ಮಡಿಸಿ ಇಡುತ್ತಿದ್ದಳು. ಕಾಲಿಗೆ ಆಗಲೇ ಚಪ್ಪಲಿ ಮೆಟ್ಟಿದ್ದಳು. ನನ್ನನ್ನು ಕಂಡು ದನಿ ತಗ್ಗಿಸಿ ಕೇಳಿದಳು:

"ಈ ಸಲ ಯಾವೂರಮ್ಮಾ?"