ಸೌದೆಗೆ ಖರ್ಚಿಲ್ಲ

ಹೊಂಗೆಮಾಕಲಹಳ್ಳಿಯ ಸ್ಕೂಲಿನ ಕೋದಂಡರಾಮಪ್ಪ ಮೇಷ್ಟ್ರಿಗೆ ಹೇಸಿಕೆ ಬಲು ಬೇಗ ಬರುತ್ತಿತ್ತು. ಮದುವೆ ಮನೆಯಲ್ಲಿ ಎಲೆಯ ಮೇಲಿನ ಲಾಡನ್ನು ಪಂಚೆಯ ತುದಿಗೆ ಕಟ್ಟಿಕೊಳ್ಳುವ ನೆಂಟನನ್ನು ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಯಾವನೋ ಜವಾನ ರೈತನ ಹತ್ತಿರ ಎರಡಾಣೆ ಕಿತ್ತುಕೊಂಡನೆಂದು ಕೇಳಿದರೆ ಎರಡು ದಿನ ಅದನ್ನೇ ಹೇಳಿಕೊಂಡು ಉಗುಳುತ್ತಿದ್ದರು. "ಇನ್ನೊಬ್ಬರ ಒಂದು ಕಾಸು ನನ್ನ ಮನೆಯೊಳಗೆ ಬಂದಿಲ್ಲ ಕಣೇ" ಎಂದು ಹೆಂಡತಿ ಶ್ಯಾಮಲಮ್ಮನಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆಕೆಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು.

ಮೂವತ್ತೊಂಬತ್ತನೆಯ ಇಸವಿಯ ಫೆಬ್ರವರಿಯಲ್ಲಿ ಶ್ಯಾಮಲಮ್ಮನ ಅಕ್ಕನ ಗಂಡ ವೆಂಕಟರಾಯಪ್ಪ ಕೋಲಾರದಿಂದ ಕಾಗದ ಬರೆದ. ಊರಿನೊಳಗೆ ಬರುವ ಸರಕಿನ ಮೇಲೆ ಸುಂಕ ವಸೂಲಿ ಮಾಡುವ ಗುತ್ತಿಗೆಯನ್ನು ಒಬ್ಬ ಸಾಹುಕಾರ ಹಿಡಿದಿದ್ದ. ವೆಂಕಟರಾಯಪ್ಪ ಅವನ ಗುಮಾಸ್ತ. ಇನ್ನೊಬ್ಬ ಗುಮಾಸ್ತ ಬೇಕಾಗಿದ್ದಾನೆ, ಸಂಬಳ ಇಪ್ಪತ್ತೆಂಟು ರೂಪಾಯಿ, ಬರುವುದಾದರೆ ಸೋಮವಾರದೊಳಗೆ ತಿಳಿಸು ಎಂದಿತ್ತು ಕಾಗದ. ಮೇಷ್ಟ್ರಿಗೆ ಬರುತ್ತಿದ್ದದ್ದು ಹದಿನೇಳು.

"ಹನ್ನೊಂದು ರೂಪಾಯಿ ಜಾಸ್ತಿ ರೀ" ಎಂದಳು ಶ್ಯಾಮಲಮ್ಮ. ಅವಳ ಮನಸ್ಸು ಆಗಲೇ ಕೋಲಾರಕ್ಕೆ ಹೋಗಿ ಅಕ್ಕನ ಮನೆಯ ಪಕ್ಕದಲ್ಲಿ ಬಾಡಿಗೆ ಮನೆ ಹುಡುಕುತ್ತಿತ್ತು.

"ಜಾಸ್ತಿಯೋ ಕಮ್ಮಿಯೋ ಸಂಬಳ ನೋಡಿ ಹೇಳೋದಲ್ಲ. ಅಲ್ಲಿ ಬದುಕೋಕೆ ಏನಾಗುತ್ತೆ ಅಂತ ನೋಡ್ಬೇಕು."

ಮೇಷ್ಟ್ರು ಒಂದು ಹಾಳೆಯನ್ನು ಮಧ್ಯಕ್ಕೆ ಮಡಿಸಿ ಎಡಗಡೆ 'ಹಳ್ಳಿ', ಬಲಗಡೆ 'ಕೋಲಾರ' ಎಂದು ಬರೆದರು. ಹಳ್ಳಿಯಲ್ಲಿ ಮನೆ ಬಾಡಿಗೆ ಒಂದು ರೂಪಾಯಿ, ಕೋಲಾರದಲ್ಲಿ ಐದು. ಹಳ್ಳಿಯಲ್ಲಿ ನೀರು ಬಾವಿಯದು. ಅಲ್ಲಿ ನಲ್ಲಿಗೂ ಬೀದಿ ದೀಪಕ್ಕೂ ತೆರಿಗೆ, ಮನೆಯ ಯಜಮಾನ ಅದನ್ನು ಬಾಡಿಗೆದಾರನ ತಲೆಗೇ ಕಟ್ಟುತ್ತಾನೆ. ಹಳ್ಳಿಯ ಕ್ಷೌರಿಕನಿಗೆ ಸುಗ್ಗಿಯಲ್ಲಿ ಒಂದು ಸಲ ರಾಗಿ ಅಳೆದರೆ ವರ್ಷಪೂರ್ತಿ ಗಡ್ಡ ಹೆರೆಯುತ್ತಾನೆ. ಅಲ್ಲಿ ಕೂತೆದ್ದರೆ ಅರ್ಧಾಣೆ. ಮಜ್ಜಿಗೆಯನ್ನೂ ಅಲ್ಲಿ ಕಾಸಿಗೆ ಮಾರುತ್ತಾರೆಂದು ಶ್ಯಾಮಲಮ್ಮ ಹೇಳಿದಾಗ ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟು, "ಥೂ, ಮಜ್ಜಿಗೆ ಮಾರೋ ಜನಗಳ ಮಧ್ಯೆ ಬಾಳೋದೇ!" ಎಂದರು.

"ಸೌದೆ?" ಎಂದು ಕೇಳಿದರು ಆಮೇಲೆ.

"ಅಕ್ಕನ ಬೀದೀಲಿ ಹೊರೆಗೆ ಐದಾಣೆ ಅಂತೆ. ತಿಂಗಳಿಗೆ ಎರಡೂವರೆ ಹಾಕ್ಕೊಳ್ಳಿ. ನಮಗಿಲ್ಲಿ ಸೌದೆ ಖರ್ಚಿಲ್ಲವಲ್ಲಾ."

ಮೇಷ್ಟ್ರು ಎಡಗಡೆ 'ಸೌದೆ: ಇಲ್ಲ' ಎಂದು ದುಂಡಗೆ ಬರೆದರು. ಕೂಡಿ ನೋಡಿದರೆ ಹಳ್ಳಿಯ ಖರ್ಚು ಹದಿನೈದು, ಉಳಿತಾಯ ಎರಡು ರೂಪಾಯಿ. ಕೋಲಾರದ ಖರ್ಚು ಮೂವತ್ತೊಂದು ಮುಕ್ಕಾಲು, ಸಾಲ ಮೂರು ಮುಕ್ಕಾಲು. ಮೂರು ಸಲ ಕೂಡಿದರು, ಮೂರು ಸಲವೂ ಅಷ್ಟೇ ಬಂತು.

"ಹಾಗಾದ್ರೆ ಭಾವ ಹೆಂಗೆ ಬದುಕ್ತಾ ಇದಾರೆ? ಅವರ ಸಂಬಳಾನೂ ಇಪ್ಪತ್ತೆಂಟೇ. ಅಕ್ಕನಿಗೆ ಸಂಕ್ರಾಂತಿಗೆ ಅಡ್ಡಿಕೆ ಮಾಡಿಸಿದಾರೆ. ಹೋಗಿ ಕೇಳ್ಕೊಂಡು ಬನ್ನಿ" ಎಂದಳು ಶ್ಯಾಮಲಮ್ಮ. ಅಕ್ಕನ ಕತ್ತಿನ ಆ ಚಿನ್ನ ಅವಳ ಕಣ್ಣಿಗೆ ಒಂದು ತಿಂಗಳಿನಿಂದ ಚುಚ್ಚುತ್ತಿತ್ತು.

ಭಾನುವಾರ ಮೇಷ್ಟ್ರು ಕ್ಯಾಲನೂರಿನವರೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ ಕೋಲಾರಕ್ಕೆ ಹೋದರು. ವೆಂಕಟರಾಯಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಹಿತಕಿದ ಅವರೆಕಾಳಿನ ಸಾರು, ಮೊಸರು, ಬದನೆಕಾಯಿ ಪಲ್ಯ ಬಡಿಸಿದಳು. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದ ಮೇಷ್ಟ್ರ ಕಣ್ಣಿಗೆ ಸೌದೆ ಬಿತ್ತು. ಸೂರಿನವರೆಗೂ ಒಟ್ಟಿದ್ದರು. ಹೊಂಗೆ, ಜಾಲಿ, ಬೇವು, ಹುಣಿಸೆ ಎಲ್ಲ ಬೆರೆತಿತ್ತು. ಒಂದು ಮಾರುದ್ದ, ಒಂದು ಮೊಳದುದ್ದ, ಒಂದು ತೋಳಿನ ಗಾತ್ರ, ಒಂದು ಬೆರಳಿನ ಗಾತ್ರ. ದುಡ್ಡು ಕೊಟ್ಟು ಕೊಂಡ ಸೌದೆ ಹೀಗಿರುವುದಿಲ್ಲ.

ಜಗಲಿಗೆ ಬಂದು ತಮ್ಮ ಹಾಳೆಯನ್ನು ಬಿಚ್ಚಿ ತೋರಿಸಿದರು. ವೆಂಕಟರಾಯಪ್ಪ ಎಲೆಯಡಿಕೆ ಮೆಲ್ಲುತ್ತ ಮೇಲಿನಿಂದ ಕೆಳಗೆ ಓದಿ, ಹೊಟ್ಟೆ ಕುಣಿಯುವ ಹಾಗೆ ನಕ್ಕ.

"ಮೇಷ್ಟ್ರೇ, ಲೆಕ್ಕ ಸರಿಯಾಗಿದೆ. ಆದ್ರೆ ಇದು ಸಂಬಳದಲ್ಲಿ ಬದುಕೋನ ಲೆಕ್ಕ. ಸಂಬಳ ಅನ್ನೋದು ನೆಂಟರ ಮುಂದೆ ಹೇಳ್ಕೊಳ್ಳೋಕೆ ಕಣಯ್ಯಾ. ಊಟಕ್ಕೆ ಗಿಂಬಳ. ಬಾ, ಕಟ್ಟೆ ಹತ್ರ ಹೋಗೋಣ. ನೀನು ಎಲ್ಲಿ ಕೂತ್ಕೋಬೇಕು ಅಂತಾನೂ ನೋಡಿದ ಹಾಗಾಗುತ್ತೆ."

ಸುಂಕದ ಕಟ್ಟೆ ಊರ ಹೊರಗೆ ರಸ್ತೆಯ ಪಕ್ಕದಲ್ಲಿತ್ತು. ರಸ್ತೆಗೆ ಅಡ್ಡ ಒಂದು ಬೊಂಬು, ಪಕ್ಕದಲ್ಲಿ ತಗಡಿನ ಚಪ್ಪರ, ಒಳಗೆ ಮೇಜು. ಬುಟ್ಟಿ, ಹೊರೆ ಹೊತ್ತ ಹೆಂಗಸರು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ಮೂರು ಕಾಸು ಎಸೆದು ಚೀಟಿ ತೆಗೆದುಕೊಳ್ಳಬೇಕು. ಅಲ್ಲಿಗೆ ಕಾಯಿದೆ ಮುಗಿಯಿತು. ಆಮೇಲೆ ಆಳೊಬ್ಬ ಬಂದು ಪ್ರತಿ ಬುಟ್ಟಿಯಿಂದ ಒಂದು ಹಿಡಿ, ಪ್ರತಿ ಹೊರೆಯಿಂದ ಎರಡು ಸೌದೆ ಎಳೆದು ಚಪ್ಪರದ ಹಿಂದಕ್ಕೆ ಎಸೆಯುತ್ತಿದ್ದ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹೊರೆ ಹೊತ್ತವಳು ಅಷ್ಟು ಹೊತ್ತು ಕತ್ತನ್ನು ಗಟ್ಟಿಯಾಗಿ ಹಿಡಿದು ನಿಲ್ಲಬೇಕು, ಇಲ್ಲದಿದ್ದರೆ ಹೊರೆಯೇ ಕುಸಿಯುತ್ತದೆ.

ಹಾಗೆ ಕತ್ತು ಹಿಡಿದು ನಿಂತಿದ್ದವಳೊಬ್ಬಳು ಮೇಷ್ಟ್ರನ್ನು ಕಂಡು ಕಣ್ಣಿನಲ್ಲೇ ನಮಸ್ಕಾರ ಮಾಡಿದಳು. ಅವರ ಹಳ್ಳಿಯ ಮುನಿಯಲ್ಲಮ್ಮ. ಗಂಡ ಸತ್ತವಳು, ವಾರಕ್ಕೆ ಮೂರು ದಿನ ಎಂಟು ಮೈಲಿ ಸೌದೆ ಹೊತ್ತು ತಂದು ಮಾರಿ ಬದುಕುತ್ತಿದ್ದಳು. ಅವಳ ಮಗಳು ಮೇಷ್ಟ್ರ ಸ್ಕೂಲಿನಲ್ಲಿ ಮೂರನೆಯ ಕ್ಲಾಸು. ಆಳು ಅವಳ ಹೊರೆಯಿಂದಲೂ ಎರಡು ಎಳೆದ, ಆರಿಸಿ ದಪ್ಪನೆಯವನ್ನೇ ಎಳೆದ.

ಈಗಷ್ಟೇ ತಿಂದ ಬದನೆಕಾಯಿ ಯಾವಳ ಬುಟ್ಟಿಯದೋ, ಅದನ್ನು ಬೇಯಿಸಿದ ಬೆಂಕಿ ಯಾವಳ ತಲೆಯ ಮೇಲಿನದೋ! ಮೇಷ್ಟ್ರು ಚಪ್ಪರದ ಹಿಂದಕ್ಕೆ ಹೋಗಿ ಓಕರಿಸಿ ಬಂದರು.

"ಥೂ ಭಾವ! ತಿರುಪೆ ಎತ್ತೋನಿಗಾದ್ರೂ ಮಾನ ಇರುತ್ತೆ, ಬಾಯಿ ಬಿಟ್ಟು ಕೇಳ್ತಾನೆ. ನಿಮ್ಮ ಕೆಲಸ ನನಗೆ ಬೇಡ. ನಿಮ್ಮ ಮನೆ ನೀರೂ ಬೇಡ."

"ಒಂದೊಂದು ಮನೇಲಿ ಒಂದೊಂದು ಥರ ನಡೀತದೆ ಮೇಷ್ಟ್ರೇ" ಎಂದ ವೆಂಕಟರಾಯಪ್ಪ, ಸ್ವಲ್ಪವೂ ಸಿಟ್ಟಾಗದೆ.

ಸಂಜೆ ಕ್ಯಾಲನೂರಿನಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ ಮುನಿಯಲ್ಲಮ್ಮ ಮುಂದೆ ಹೋಗುತ್ತಿದ್ದುದು ಕಂಡಿತು. ಹೊರೆ ಮಾರಿಯಾಗಿತ್ತು, ತಲೆಗೆ ಇಟ್ಟುಕೊಳ್ಳುವ ಸಿಂಬಿ ಕೈಯಲ್ಲಿತ್ತು. ಮೇಷ್ಟ್ರ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅವರು ಹಾಗೆ ಎಳ್ಕೊಂಡ್ರೆ ಸುಮ್ನೆ ನಿಂತಿದ್ದೀಯಲ್ಲಮ್ಮಾ! ಬಾಯಿಲ್ಲವಾ ನಿಂಗೆ?"

ಮುನಿಯಲ್ಲಮ್ಮ ನಕ್ಕಳು. "ಹೋಗ್ಲಿ ಬುಡಿ ಸೋಮಿ. ಅಲ್ಲಿ ಕಟ್ಟೆಗೆ ಎಲ್ಡು, ಇಲ್ಲಿ ಶನಿವಾರ ನಿಮಗೆ ಎಲ್ಡು. ಎಲ್ಲಾರೂ ಬದುಕ್ಬೇಕಲ್ವಾ? ನಮ್ ದೇವ್ರು ಕಾಡ್ನಾಗೆ ಮರ ಮಡಗವ್ನೆ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರು ಗದರಿಕೊಂಡು ಪಾರಾಗುತ್ತಿದ್ದರು.

ಶನಿವಾರದ ಸೌದೆ ಆ ಸ್ಕೂಲಿನ ಹಳೆಯ ಪದ್ಧತಿ. ಹಿಂದೆ ಅದು ಕೂಲಿಮಠವಾಗಿದ್ದಾಗ ಮೇಷ್ಟ್ರಿಗೆ ಸಂಬಳವಿರಲಿಲ್ಲ, ಮಕ್ಕಳು ತರುವ ರಾಗಿ ಸೌದೆಯೇ ಸಂಬಳ. ಆಮೇಲೆ ಸರ್ಕಾರದ ಸಂಬಳ ಬಂತು, ರಾಗಿ ನಿಂತಿತು, ಸೌದೆ ಮಾತ್ರ ನಿಲ್ಲಲಿಲ್ಲ. ಮೂವತ್ತನಾಲ್ಕು ಮಕ್ಕಳು, ತಲೆಗೆ ಎರಡು. ಹೊಂಗೆ, ಜಾಲಿ, ಬೇವು, ಹುಣಿಸೆ. ಒಂದು ಮಾರುದ್ದ, ಒಂದು ಮೊಳದುದ್ದ. ಹನ್ನೊಂದು ವರ್ಷದಿಂದ ಮೇಷ್ಟ್ರ ಹಿತ್ತಲಿನಲ್ಲೂ ಅದೇ ಒಟ್ಟಿಲು ಇತ್ತು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದ ಅನ್ನುತ್ತಾರಲ್ಲ, ಆ ಜಾತಿಯ ಮನುಷ್ಯ ತಾವೇ ಎಂದು ಮೇಷ್ಟ್ರಿಗೆ ಅಂದು ಗೊತ್ತಾಯಿತು. ತಮ್ಮ ಮೈಯನ್ನೇ ಕಳಚಿ ಎಸೆಯಬೇಕು ಅನ್ನಿಸುವಷ್ಟು ಹೇಸಿಕೆಯಾಯಿತು.

ಮನೆಗೆ ಬಂದವರೇ ಹಾಳೆ ತೆಗೆದು 'ಇಲ್ಲ' ಎಂಬುದನ್ನು ಹೊಡೆದು 'ಎರಡು ರೂಪಾಯಿ' ಎಂದು ಬರೆದರು. ಉಳಿತಾಯದ ಸಾಲಿನಲ್ಲಿ ಸೊನ್ನೆ ಬಂತು. ಹನ್ನೊಂದು ವರ್ಷ ಅವರು ಹೆಮ್ಮೆಪಟ್ಟು ಉಳಿಸಿದ್ದು ಮಕ್ಕಳ ಸೌದೆಯನ್ನೇ.

"ಕೋಲಾರದ ಕೆಲಸಾನೂ ಬೇಡ, ಇಲ್ಲಿ ಸೌದೇನೂ ಬೇಡ ಅಂದ್ರೆ ಒಲೆಗೆ ನನ್ನ ಕಾಲು ಇಡ್ಲಾ?" ಎಂದಳು ಶ್ಯಾಮಲಮ್ಮ. "ಯಾರು ಕೇಳಿದ್ರು ಅವರನ್ನ? ಅವರಾಗೇ ತಂದು ಕೊಡ್ತಾರೆ."

"ಅಲ್ಲೂ ಯಾರೂ ಕೇಳಲ್ಲ ಕಣೇ" ಎಂದರು ಮೇಷ್ಟ್ರು.

ಮುಂದಿನ ಶನಿವಾರ ಮಕ್ಕಳು ಸೌದೆ ತಂದಾಗ ಮೇಷ್ಟ್ರು ಬಾಗಿಲಲ್ಲೇ ನಿಂತು, "ಬೇಡ, ಎಲ್ಲಾ ವಾಪಸ್ ತಗೊಂಡ್ಹೋಗಿ" ಎಂದರು. ಹಾಗೆ ಹೇಳುವಾಗ ಅವರ ಮುಖ ಎಂದಿನಂತೆ ಗಂಟಿಕ್ಕಿಕೊಂಡಿತ್ತು, ಅವರಿಗೆ ಬೇರೆ ಮುಖ ಇರಲಿಲ್ಲ. ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಮುಂದಿನ ತಿಂಗಳು ಪರೀಕ್ಷೆ ಬೇರೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರಿಗೆ ಕೋಪ ಬಂದಿದೆಯೆಂದು ಹಳ್ಳಿಯೆಲ್ಲ ಸುದ್ದಿಯಾಯಿತು.

ಸಂಜೆ ನಾಲ್ಕಕ್ಕೆ ಅಂಗಳದಲ್ಲಿ ದೊಪ್ಪನೆ ಸದ್ದಾಯಿತು. ಮೇಷ್ಟ್ರು ಹೊರಗೆ ಬರುವಷ್ಟರಲ್ಲಿ ಮುನಿಯಲ್ಲಮ್ಮ ಬೀದಿಯ ತಿರುವಿನಲ್ಲಿ ಮರೆಯಾಗುತ್ತಿದ್ದಳು. ಅಂಗಳದಲ್ಲಿ ಒಂದು ಇಡೀ ಹೊರೆ ಬಿದ್ದಿತ್ತು. ಕೋಲಾರಕ್ಕೆ ಹೋಗಬೇಕಾದ ಹೊರೆ, ಐದಾಣೆಯದು.

ಶ್ಯಾಮಲಮ್ಮ ಒಳಗಿನಿಂದ ಇಣುಕಿ, "ಸದ್ಯ, ಬಂತಲ್ಲ" ಎಂದಳು.

ಮೇಷ್ಟ್ರು ಒಳಗೆ ಹೋದರು. ಪೆಟ್ಟಿಗೆಯಿಂದ ಐದಾಣೆ ತೆಗೆದು ಜೇಬಿಗೆ ಹಾಕಿಕೊಂಡರು. ಕೊಟ್ಟು ಹೊರೆಯನ್ನು ಇಟ್ಟುಕೊಂಡರಾಯಿತು ಅನ್ನಿಸಿತು. ಆದರೆ ಅವಳು ಹೆದರಿ ತಂದದ್ದಕ್ಕೆ ಬೆಲೆ ಕಟ್ಟಿ ಮುಗಿಸುವುದು ಆ ಕಟ್ಟೆಯ ಚೀಟಿಗಿಂತ ಕೀಳು ಎಂದು ಆಣೆಗಳನ್ನು ತಿರುಗಿ ಪೆಟ್ಟಿಗೆಗೆ ಹಾಕಿದರು. ಪೇಟವನ್ನು ತೆಗೆದಿಟ್ಟು, ಟವಲನ್ನು ಸಿಂಬಿ ಸುತ್ತಿ, ಮೊಣಕಾಲೂರಿ ಹೊರೆಯನ್ನು ತಲೆಗೇರಿಸಿಕೊಂಡರು. ಎರಡನೆಯ ಸಲಕ್ಕೆ ಎದ್ದು ನಿಂತರು. ಕೋಟು ತೊಟ್ಟ ಮೇಷ್ಟ್ರು ಸೌದೆ ಹೊತ್ತು ಬೀದಿಯಲ್ಲಿ ಹೋಗುವುದನ್ನು ನೋಡಲು ಜಗಲಿ ಜಗಲಿಗೂ ಜನ ಬಂದರು. ಕತ್ತಿನ ನರ ಸಿಡಿಯುತ್ತಿತ್ತು. ಎಂಟು ಮೈಲಿಯಲ್ಲ, ಮುನ್ನೂರು ಹೆಜ್ಜೆ.

ಮುನಿಯಲ್ಲಮ್ಮ ಗುಡಿಸಲಿನ ಮುಂದೆ ಮಗಳ ತಲೆ ಬಾಚುತ್ತಿದ್ದಳು. ಮೇಷ್ಟ್ರು ಬಗ್ಗಿ ಹೊರೆಯನ್ನು ಅವಳ ಮುಂದೆ ಇಳಿಸಿದರು. ಏದುಸಿರು ಬಿಡುತ್ತ ಟವಲಿನಿಂದ ಮುಖ ಒರೆಸಿಕೊಂಡರು. ಅವಳು ಬಾಚಣಿಗೆ ಬಿಟ್ಟು ಎದ್ದಳು. ಹೊರೆಯನ್ನು ನೋಡಿದಳು, ಅವರ ಕೆಂಪಾದ ಮುಖವನ್ನು ನೋಡಿದಳು. ಮಗಳನ್ನು ಹಿಂದಕ್ಕೆ ಎಳೆದುಕೊಂಡು ಎರಡೂ ಕೈ ಜೋಡಿಸಿದಳು.

"ಅಯ್ಯೋ ದೇವುಡಾ, ಇದೂ ಸಾಲದೆ ಹೋಯ್ತಾ ಸೋಮಿ?"