ಸೆರ್ವೆ ಮಾವ ಸೋತ ವರ್ಷ

ನಮ್ಮ ಎಂಟು ಗುಡ್ಡಗಳ ಸೈಕಲ್ ಓಟಕ್ಕೆ ಆ ಏಪ್ರಿಲ್‌ನಲ್ಲಿ ನೂರು ವರ್ಷ ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಕೆಲಸವನ್ನು ಕ್ಲಬ್ಬಿನವರು ನನ್ನ ತಲೆಗೆ ಕಟ್ಟಿದರು. "ಒದೆಟ್, ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಮಾಡಿದೋಳು ನೀನು, ನಿಂಗೇನು ಕಷ್ಟ?" ಎಂದರು ಅಧ್ಯಕ್ಷರು. ಒಪ್ಪಿಕೊಂಡೆ. ಒಪ್ಪಿಕೊಂಡದ್ದೇ ತಪ್ಪಾಯಿತು.

ಉಳಿದ ವರ್ಷಗಳದ್ದೇನೂ ತಕರಾರಿರಲಿಲ್ಲ. ತನ್ನ ಪತ್ರಿಕೆ ಹೆಚ್ಚು ಖರ್ಚಾಗಲೆಂದು ಸಂಪಾದಕನೊಬ್ಬ ಈ ಓಟ ಶುರುಮಾಡಿದ್ದು, ಮೊದಲ ಸಲ ಮೂವತ್ತೊಂದು ಜನ ಹೊರಟು ಆರೇ ಜನ ಗುರಿ ಮುಟ್ಟಿದ್ದು, ಯುದ್ಧದಲ್ಲಿ ಸೇತುವೆಗಳು ಉರುಳಿ ಓಟ ನಿಂತದ್ದು, ಎಲ್ಲವೂ ಹಳೆಯ ಕಾಗದಗಳಲ್ಲಿ ಸಿಕ್ಕಿತು. ಸಿಗದೆ ಸತಾಯಿಸಿದ್ದು ಐವತ್ತೆಂಟನೇ ಇಸವಿ. ಏಪ್ರಿಲ್‌ನಲ್ಲಿ ಹಿಮ ಬಿದ್ದ ವರ್ಷ. ಅಂದು ಕೊನೆಯ ಗುಡ್ಡ ರೋಶ್‌ಮೋಂ ಹತ್ತುವಾಗ ಎಲ್ಲರಿಗಿಂತ ನಾಲ್ಕು ನಿಮಿಷ ಮುಂದಿದ್ದವರು ನನ್ನ ಸೋದರಮಾವ ಸೆರ್ವೆ. ಆಗ ಅವರಿಗೆ ಇಪ್ಪತ್ಮೂರು. ಗುಡ್ಡ ಹತ್ತಿದವರು ಆಚೆ ಇಳಿಯಲೇ ಇಲ್ಲ. ಗೆದ್ದವನು ಫ್ಲಾಂಡರ್ಸ್ ಕಡೆಯ ಇನ್ಯಾರೋ. ಪತ್ರಿಕೆಯಲ್ಲಿದ್ದದ್ದು ಇಷ್ಟೇ: "ಸೆರ್ವೆ ಓಟ ಬಿಟ್ಟರು."

ಬಿಟ್ಟವರು ಎರಡು ಬೀದಿಯಾಚೆಯೇ ಇದ್ದಾರಲ್ಲ, ಕೇಳಿದರಾಯಿತು ಎಂದು ಬೇಕರಿಯಲ್ಲಿ ಅಕ್ಕಿಯ ಸಿಹಿ ಟಾರ್ಟ್ ಕಟ್ಟಿಸಿಕೊಂಡು ಹೋದೆ.

"ಚೈನ್ ತುಂಡಾಯ್ತು, ಬರ್ಕೋ," ಎಂದರು ಮಾವ. ಬರೆದುಕೊಂಡೆ.

ಮರುವಾರ ಕರಡು ಓದಿ ತೋರಿಸಿದರೆ ಮುಖ ಸಿಂಡರಿಸಿದರು. "ಚೈನ್ ಯಾರು ಹೇಳಿದ್ದು? ಹಸು ಅಡ್ಡ ಬಂತು."

"ಆ ಹಿಮದಲ್ಲಿ ಹಸು ಎಲ್ಲಿಂದ ಬಂತು ಮಾವ?"

"ಹೋಗಿ ಹಸೂನೇ ಕೇಳು."

ಅದನ್ನೂ ತಿದ್ದಿದೆ. ಮೂರನೆಯ ಸಲ ರೈಲ್ವೆ ಗೇಟು ಹಾಕಿಬಿಟ್ಟಿತ್ತಂತೆ, ಗೂಡ್ಸ್ ಗಾಡಿ ಹೋಗುವಷ್ಟರಲ್ಲಿ ಕಾಲು ಮರಗಟ್ಟಿತಂತೆ.

"ರೋಶ್‌ಮೋಂ ಮೇಲೆ ರೈಲೇ ಇಲ್ಲವಲ್ಲ!"

"ಆಗ ಇತ್ತು. ಆಮೇಲೆ ಕಿತ್ತು ಹಾಕಿದ್ರು. ನೀನಿನ್ನೂ ಹುಟ್ಟಿರ್ಲಿಲ್ಲ, ನಿಂಗೇನು ಗೊತ್ತು?"

ನನಗೆ ರೇಗಿಹೋಯಿತು. "ಶುಕ್ರವಾರ ಪ್ರೆಸ್ಸಿಗೆ ಹೋಗ್ಬೇಕು ಮಾವ. ಯಾವುದೋ ಒಂದು ಸುಳ್ಳು ಆರಿಸ್ಕೊಳ್ಳಿ, ಅದನ್ನೇ ಹಾಕ್ತೀನಿ."

"ಟೀಚರಮ್ಮ, ಕಾಫಿ ಆರ್ತಿದೆ, ಕುಡಿ," ಎಂದು ಟಿವಿ ಹಾಕಿಕೊಂಡರು.

ಬುಧವಾರ ನಾನೇ ಕಾರು ತೆಗೆದುಕೊಂಡು ರೋಶ್‌ಮೋಂ ಹತ್ತಿದೆ. ರೈಲು ಹಳಿಯಿರಲಿ, ಸಮತಟ್ಟಾದ ಜಾಗವೇ ಅಲ್ಲಿಲ್ಲ. ತುದಿಯ ಸಮೀಪ ರಸ್ತೆಯ ಪಕ್ಕ ಒಂದೇ ಒಂದು ಹೊಲದಮನೆ. ಬಾಗಿಲು ತೆರೆದದ್ದು ಜೆಲಿ ಎಂಬ ಎಪ್ಪತ್ತು ದಾಟಿದ ಹೆಂಗಸು. ಹುಟ್ಟಿದ್ದೂ ಅದೇ ಮನೆಯಲ್ಲಿ. ಬಂದ ಕಾರಣ ಹೇಳಿದ್ದೇ ತಡ, ನಗತೊಡಗಿದರು.

"ಅವ್ರು ನಿಮ್ಮ ಮಾವನಾ? ಅಯ್ಯೋ! ನಮ್ಮಮ್ಮ ಅವರ ಸೈಕಲ್‌ನ ಕೊಟ್ಟಿಗೇಲಿ ಹಾಕಿ ಬೀಗ ಜಡಿದಿದ್ಳು!"

ಜೆಲಿಗೆ ಆಗ ಹನ್ನೆರಡು. ಅಂದು ರಸ್ತೆಯಲ್ಲಿ ಒಬ್ಬ ಸವಾರ ಮನೆಯ ಗೋಡೆಗೇ ಬಂದು ಗುದ್ದಿ ನಿಂತನಂತೆ. ಬ್ರೇಕ್ ಒತ್ತಲು ಬೆರಳು ಮಡಚುತ್ತಿರಲಿಲ್ಲ. ತಾಯಿ ಫಿಲೊಮೆನ್ ಹೊರಗೆ ಓಡಿ, ಹ್ಯಾಂಡಲ್ಲಿನಿಂದ ಅವನ ಕೈಗಳನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಅವನನ್ನು ಒಳಗೆ ಎಳೆದು ತಂದು, ಆ ಕೈಗಳನ್ನು ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಅದ್ದಿಸಿದರು. ಬೆರಳ ತುದಿಗಳು ಮೇಣದ ಹಾಗೆ ಬಿಳಿಚಿದ್ದವಂತೆ.

"ನೋವು ಶುರುವಾದ ಮೇಲೆ ಕೂಗಾಡಿದ್ರು. ಬಿಡಿ, ನಾನು ಹೋಗ್ಬೇಕು, ನಾಲ್ಕು ನಿಮಿಷ ಇದೆ ಅಂತ. ನಮ್ಮಮ್ಮ ಬಾಗಿಲಿಗೆ ಅಡ್ಡ ನಿಂತ್ಕೊಂಡ್ಳು. 'ನನ್ನ ಮಗ ಇಂಥ ಚಳೀಲೇ ಕಾಡಿಗೆ ಹೋಗಿ ಮೂರು ಬೆರಳು ಕಳ್ಕೊಂಡ. ನಿನ್ನ ನಾನು ಬಿಡಲ್ಲ, ಕೂತ್ಕೊಳ್ಳೋ' ಅಂದ್ಳು. ಅಷ್ಟರಲ್ಲಿ ಕಿಟಕಿ ಆಚೆ ಆ ಫ್ಲಾಂಡರ್ಸಿನವನು ಹೋದ. ಆಮೇಲೆ ಇನ್ನೊಬ್ಬ."

ನಾನು ಲೆಕ್ಕ ಹಾಕುತ್ತ ಕುಳಿತೆ. ಆ ಬೆರಳುಗಳಿಂದಲೇ ಅಲ್ಲವೇ ಮಾವ ಆಮೇಲೆ ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ ಮೂವರು ಹೆಣ್ಣುಮಕ್ಕಳನ್ನು ಓದಿಸಿದ್ದು! ಇದನ್ನು ಹೇಳಿಕೊಳ್ಳಲು ಮನುಷ್ಯನಿಗೆ ಏನು ಧಾಡಿ?

ಸಂಜೆ ನೇರ ಅವರ ಅಡುಗೆಮನೆಗೆ ನುಗ್ಗಿದೆ. "ಫಿಲೊಮೆನ್," ಎಂದೆ, ಅಷ್ಟೇ.

ಮಾವನ ಮುಖ ಕೆಂಪಾಯಿತು. "ಆಯಮ್ಮನ ಮಗಳು, ಆ ಹುಡುಗಿ, ಇನ್ನೂ ಬದುಕಿದ್ದಾಳಾ?"

"ಚೆನ್ನಾಗೇ ಇದ್ದಾರೆ. ಯಾಕ್ ಮಾವ ಈ ಚೈನು, ಹಸು, ರೈಲು? ತಿಂಗಳಿಂದ ನನ್ನ ಪ್ರಾಣ ತಿಂದ್ರಲ್ಲ!"

"ಕುಡಿದು ಬಿದ್ದಿದ್ದೆ ಅಂತ ಬೇಕಾದ್ರೂ ಬರಿ. ಏಪ್ರನ್ ಕಟ್ಕೊಂಡ ಹೆಂಗಸೊಬ್ಳು ನನ್ನ ತಡೆದ್ಳು ಅಂತ ಮಾತ್ರ ಬರೀಬೇಡ."

"ಅದ್ರಲ್ಲಿ ನಾಚಿಕೆ ಏನಿದೆ?"

ಮಾವ ಮೇಜಿನ ಬಟ್ಟೆಯನ್ನು ನೀವುತ್ತ ಹೇಳಿದರು. "ಆಯಮ್ಮ ನನ್ನ ಭುಜದಷ್ಟೂ ಇರ್ಲಿಲ್ಲ, ಒದೆಟ್. ಒಂದು ಸಲ ತಳ್ಳಿದ್ರೆ ಸಾಕಿತ್ತು. ತಳ್ಳಲಿಲ್ಲ. ಕೂಗಾಡಿದೆ ಅಷ್ಟೇ. ಒಲೆ ಬೆಚ್ಚಗಿತ್ತು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆದರೆ ಅದು ಮರಳಿ ಬರಲು ತಡವಾಗಲಿಲ್ಲ. ಏಕೆಂದರೆ ಬಾಗಿಲವರೆಗೂ ಬಂದು, "ರೈಲ್ವೆ ಗೇಟೇ ಇರ್ಲಿ, ಅದು ಚೆನ್ನಾಗಿದೆ," ಎಂದರು.

ಗೇಟು ಹಾಕಲಿಲ್ಲ. ಫಿಲೊಮೆನ್ ಬಾಗಿಲಿಗೆ ಅಡ್ಡ ನಿಂತದ್ದನ್ನು ಬರೆದೆ, ಕೊಟ್ಟಿಗೆಯ ಬೀಗವನ್ನೂ ಬರೆದೆ. ತಳ್ಳಲಿಲ್ಲವೆಂದು ಅವರು ಹೇಳಿದ್ದನ್ನು ಬರೆಯಲಿಲ್ಲ. ಚರಿತ್ರೆ ಕಲಿಸಿದವಳು ಹಾಗೆ ಮಾಡಬಾರದು, ಗೊತ್ತು. ಪುಸ್ತಕ ಬಂತು. ಮಾವ ಮೂರು ವಾರ ಮಾತು ಬಿಟ್ಟರು. ಫೋನ್ ಮಾಡಿದರೆ ಎತ್ತಿ, ಏನೂ ಹೇಳದೆ ಇಡುತ್ತಿದ್ದರು.

ಓಟದ ದಿನ ಬೆಳಿಗ್ಗೆ ಅವರದೇ ಫೋನ್. "ಕಾರ್ ತಗೊಂಡ್ ಬಾ. ರೋಶ್‌ಮೋಂಗೆ ಹೋಗ್ಬೇಕು. ರಸ್ತೆ ಮುಚ್ಚೋಕೆ ಮುಂಚೆ."

ಓಟ ನೋಡಲು ಎಂದುಕೊಂಡೆ. ಅಲ್ಲ. ಹೊಲದಮನೆಯ ಮುಂದೆ ಇಳಿದವರೇ ಜೆಲಿಯನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಮ್ಮನ್ನ ಎಲ್ಲಿ ಮಣ್ಣು ಮಾಡಿದೀರಿ?" ಎಂದು ಕೇಳಿದರು.

ಚರ್ಚಿನ ಹಿಂದಿನ ಸ್ಮಶಾನ ರಸ್ತೆಯಿಂದ ಇನ್ನೂ ಮೇಲಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಜೆಲಿ ಹಿಡಿದುಕೊಂಡು ಹತ್ತಿಸಿದೆವು. ದಾರಿಯುದ್ದಕ್ಕೂ ಬೈಗುಳ. "ಸತ್ತವರನ್ನ ಇಷ್ಟು ಎತ್ತರಕ್ಕೆ ಹೊತ್ಕೊಂಡು ಬರೋ ಬುದ್ಧಿ ಯಾರದ್ದು? ಹಿಡೀಬೇಡ, ನನ್ನ ಕಾಲೇನು ಸತ್ತಿಲ್ಲ. ಏ, ಬಿಡಬೇಡ ಮತ್ತೆ!"

ಗೋರಿಯ ಮುಂದೆ ಟೋಪಿ ತೆಗೆದು, ಏದುಸಿರು ಇಳಿಯುವವರೆಗೆ ನಿಂತರು.

"ಅಮ್ಮಾ," ಎಂದರು, ಜಗಳಕ್ಕೆ ಬಂದವರ ಹಾಗೆ, "ನಾನು ಗೆಲ್ತಿದ್ದೆ."

ಕೆಳಗೆ ಜನ ಕೂಗತೊಡಗಿದರು. ಓಟದ ಮುಂದೆ ದಾರಿ ಬಿಡಿಸುವ ಮೋಟಾರ್‌ಸೈಕಲ್‌ಗಳು ಬಂದವು. ಅವುಗಳ ಬೆನ್ನಿಗೇ ಸವಾರರು ಬಣ್ಣಬಣ್ಣವಾಗಿ ಗುಡ್ಡ ಹತ್ತಿ ಹಾದುಹೋದರು. ಜೆಲಿ ಗೋಡೆಯ ಮೇಲಿಂದ ಬಗ್ಗಿ ಕೈಬೀಸಿದರು. ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲಿನ ಮೇಲೆ ಬೆಳೆದಿದ್ದ ಪಾಚಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತಿದ್ದರು.